ಹೆಡ್‌ಫೋನ್‌ನಲ್ಲಿದ್ದ ಬೇಸ್ ಸ್ಟೇಜ್ ಮೇಲೆ ಎಲ್ಲಿ ಹೋಯ್ತು?

ಪ್ರಶ್ನೆ: ನಾವು ಸಾಗರದ ಕಡೆಯವರು. ಹನ್ನೊಂದು ವರ್ಷದಿಂದ ಅಮೆರಿಕದ ವರ್ಜೀನಿಯಾದಲ್ಲಿದ್ದೇವೆ. ಮಗಳಿಗೆ ಹತ್ತೊಂಬತ್ತು. ಕೈಯಲ್ಲಿ ಹಿಡಿದು ಆಡೋ ನಿಂಟೆಂಡೋ ಕಂಪನಿಯ ವಿಡಿಯೋ ಗೇಮ್ ಯಂತ್ರ ಗೇಮ್ ಬಾಯ್, ಅಂಥ ಹಳೇದು ಎರಡು ಇಟ್ಟುಕೊಂಡು, ಅದರ ಚಿಪ್ಪಿನ ಸದ್ದಿನಲ್ಲೇ ಚಿಪ್‌ಟ್ಯೂನ್ ಅನ್ನೋ ಸಂಗೀತ ಮಾಡುತ್ತಾಳೆ. ಹೋದ ನವೆಂಬರ್‌ನಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಹತ್ತು ನಿಮಿಷ ನುಡಿಸಿದಳು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಎದೆಗೆ ಗುದ್ದೋ ಹಾಗಿದ್ದ ಡ್ರಮ್ಮು, ಬೇಸು ಅಲ್ಲಿ ಪೂರ್ತಿ ಮಾಯ. ಬರೀ ಕೀ ಕೀ ಸದ್ದು, ಹಿಂದೆ ಗುಂಯ್ ಅನ್ನೋ ಹಮ್ಮಿಂಗ್. ಮೈಕ್ ಸೆಟ್‌ನವರು "ಇದು ಆಟದ ಸಾಮಾನು, ಇದರಲ್ಲಿ ಬೇಸ್ ಎಲ್ಲಿಂದ ಬರಬೇಕು? ಜಾಸ್ತಿ ಕೊಟ್ಟರೆ ಸ್ಪೀಕರ್ ಸುಟ್ಟುಹೋಗುತ್ತೆ" ಅಂದರು. ಹಿರಿಯರೊಬ್ಬರು "ಬಟನ್ ಒತ್ತಿದರೆ ತಾನೇ ಹಾಡುತ್ತಲ್ಲ, ಇದರಲ್ಲಿ ನುಡಿಸೋದೇನು ಬಂತು?" ಅಂದರು. ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಈಗ ಒಂದು ಗೇಮಿಂಗ್ ಕನ್ವೆನ್ಷನ್‌ನಲ್ಲಿ ಅವಳಿಗೆ ಮೂವತ್ತು ನಿಮಿಷ ಕೊಟ್ಟಿದ್ದಾರೆ. ಅರ್ಧ ಅವಳದೇ ಹಾಡು, ಅರ್ಧ ಹಳೇ ನಿಂಟೆಂಡೋ ಆಟಗಳದ್ದು. ಮತ್ತೆ ಹಾಗೇ ಆದರೆ? ಕಂಪನಿಯವರು ನೋಟಿಸ್ ಕಳಿಸಿದರೆ? ಅವಳು ಎಚ್-4 ವೀಸಾದಲ್ಲಿದ್ದಾಳೆ, ಇಲ್ಲಿ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡೋ ವೀಸಾ. ಅಷ್ಟು ಜೋರು ಸದ್ದಿಗೆ ಕಿವಿ ಏನಾಗುತ್ತೆ ಅನ್ನೋ ಚಿಂತೆ ಬೇರೆ. ನಾನು ಬರೋದು ಬೇಡ ಅಂತಿದ್ದಾಳೆ. ಹೋಗಲಾ, ಬೇಡವಾ?

ಉತ್ತರ: ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಮಾತಿನ ಮೇಲೆ. ಹೆಡ್‌ಫೋನ್‌ನಲ್ಲಿ ಬೇಸ್ ಇತ್ತು, ಅಲ್ಲಿ "ಪೂರ್ತಿ ಮಾಯ" ಅಂದಿರಿ. ಕಮ್ಮಿಯಾಗಿತ್ತು ಅಂದಿದ್ದರೆ ಸ್ಪೀಕರ್ ಚಿಕ್ಕದು, ಹಾಲ್ ಸರಿಯಿಲ್ಲ ಅಂತ ಹತ್ತು ಕಾರಣ ಹೇಳಬಹುದಿತ್ತು. ಪೂರ್ತಿ ಮಾಯ ಆಗಿದ್ದರೆ ಕಳ್ಳ ಹೆಚ್ಚಾಗಿ ಒಬ್ಬನೇ. ಎಂಟು ಡಾಲರಿನ ಒಂದು ವೈರು.

ನಾನು ದಾವಣಗೆರೆಯಲ್ಲಿ ಗಣಪತಿ ಪೆಂಡಾಲ್‌ಗಳಿಗೆ ಮೈಕ್ ಸೆಟ್ ಕಟ್ಟುತ್ತಾ ಕೆಲಸ ಕಲಿತವನು. ಈಗ ಇಲ್ಲಿ ಸ್ಟೇಜ್ ಸೌಂಡ್ ನೋಡಿಕೊಳ್ಳುತ್ತೇನೆ, ಗೇಮಿಂಗ್ ಕನ್ವೆನ್ಷನ್‌ಗಳಲ್ಲೂ. ಈ ವೈರಿನ ತಪ್ಪನ್ನು ನಾನೇ ಮಾಡಿದ್ದೇನೆ. ಪಾಪ, ಒಬ್ಬ ಹುಡುಗ ಮುಕ್ಕಾಲು ಹಾಡು ಮುಗಿಸುವವರೆಗೂ ನನಗೆ ಹೊಳೆದಿರಲಿಲ್ಲ.

ಆಗೋದು ಹೀಗೆ. ಗೇಮ್ ಬಾಯ್‌ನ ಹೆಡ್‌ಫೋನ್ ಜ್ಯಾಕ್ ಸ್ಟೀರಿಯೋ. ಅದಕ್ಕೆ ಹಾಕುವ ಪಿನ್ ನೋಡಿ, ಎರಡು ಕಪ್ಪು ಗೆರೆ ಇರುತ್ತವೆ. ತುದಿಯಲ್ಲಿ ಎಡಗಿವಿಯ ಸದ್ದು, ನಡುವಿನ ಉಂಗುರದಲ್ಲಿ ಬಲಗಿವಿಯ ಸದ್ದು, ಬುಡದಲ್ಲಿ ಗ್ರೌಂಡ್. ಎಲ್ಲ ಸದ್ದನ್ನೂ ಕೂಡಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರ್‌ಗೂ ಇಂಥದೇ ಮೂರು ಭಾಗದ ದೊಡ್ಡ ಪಿನ್ ಹೋಗುತ್ತದೆ. ನೋಡೋಕೆ ಅಣ್ಣ ತಮ್ಮ, ಒಳಗಿನ ಲೆಕ್ಕ ಬೇರೆ. ಮಿಕ್ಸರ್ ತುದಿಯಿಂದ ಉಂಗುರವನ್ನು ಕಳೆಯುತ್ತದೆ. ಉದ್ದ ವೈರಿನಲ್ಲಿ ಎರಡೂ ತಂತಿಗೆ ಸಮನಾಗಿ ಹತ್ತಿಕೊಂಡ ಗಲೀಜು ಸದ್ದು ಈ ಕಳೆಯೋದರಲ್ಲಿ ಹೊರಟುಹೋಗಲಿ ಅಂತ ಮಾಡಿದ ಉಪಾಯ ಅದು, ಬ್ಯಾಲೆನ್ಸ್ಡ್ ಇನ್‌ಪುಟ್ ಅಂತಾರೆ. ಮೈಕಿಗೆ ಇದು ವರ. ಸ್ಟೀರಿಯೋ ವೈರನ್ನು ತಂದು ಅಲ್ಲಿಗೆ ಚುಚ್ಚಿದರೆ ಮಿಕ್ಸರ್ ಪಾಪ ತನ್ನ ಕೆಲಸ ತಾನು ಮಾಡುತ್ತದೆ. ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿರೋದು ಹತ್ತರಲ್ಲಿ ಹತ್ತು ಕಳೆದ ಹಾಗೆ ಸೊನ್ನೆ.

ಗೇಮ್ ಬಾಯ್‌ನಲ್ಲಿ ಇದು ಇನ್ನೂ ಕೆಟ್ಟದಾಗಿ ಕೇಳುತ್ತದೆ. ಅದರಲ್ಲಿ ಒಂದು ದನಿಯನ್ನು ಎಡಕ್ಕೆ ಹಾಕಬಹುದು, ಬಲಕ್ಕೆ ಹಾಕಬಹುದು, ಇಲ್ಲಾ ಎರಡಕ್ಕೂ ಹಾಕಬಹುದು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅನ್ನೋದು ಇಲ್ಲ. ಡ್ರಮ್ಮನ್ನೂ ಬೇಸನ್ನೂ ಎಲ್ಲರೂ ಎರಡಕ್ಕೂ ಹಾಕುತ್ತಾರೆ. ಅಂದಮೇಲೆ ಅವೆರಡೂ ಹೋದವು. ಒಂದೊಂದು ಬದಿಗೆ ಹಾಕಿದ ಸಣ್ಣ ಗೆಜ್ಜೆಯಂಥ ಸದ್ದು ಮಾತ್ರ ಉಳಿಯಿತು. ನೀವು ಕೇಳಿದ ಕೀ ಕೀ ಅದು.

ಅನುಮಾನ ಇದ್ದರೆ ಮಗಳ ಹತ್ತಿರ ಒಂದು ಪರೀಕ್ಷೆ ಮಾಡಿಸಿ. ಅದೇ ವೈರು, ಯಾವುದಾದರೂ ಮಿಕ್ಸರ್. ಬೇಸ್ ದನಿಯ ಔಟ್‌ಪುಟ್ ಎರಡೂ ಕಡೆ ಇರೋದನ್ನು ಎಡಕ್ಕೆ ಮಾತ್ರ ಮಾಡಲಿ. ತಕ್ಷಣ ಬೇಸ್ ವಾಪಸ್ ಬಂದರೆ ಕಳ್ಳ ಸಿಕ್ಕಿಬಿದ್ದ. ಇದು ತುರ್ತಿಗೂ ಆಗುತ್ತದೆ. ಸ್ಟೇಜ್ ಮೇಲೆ ಬೇರೆ ವೈರೇ ಇಲ್ಲ ಅನ್ನೋ ಹೊತ್ತಿನಲ್ಲಿ ಎಲ್ಲ ದನಿಯನ್ನೂ ಎಡಕ್ಕೆ ಹಾಕಿ ಮಾನ ಉಳಿಸಿಕೊಳ್ಳಬಹುದು.

ಸರಿಯಾದ ದಾರಿ ಬೇಕಿದ್ದರೆ, ಒಂದು ಕಡೆ ಸಣ್ಣ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ದೊಡ್ಡ ಮೋನೋ ಪಿನ್ ಇರುವ ಕವಲು ವೈರು ತಗೊಳ್ಳಿ. ಮೋನೋ ಪಿನ್‌ಗೆ ಒಂದೇ ಕಪ್ಪು ಗೆರೆ ಇರುತ್ತದೆ, ಅಂಗಡಿಯಲ್ಲಿ ಅದನ್ನು ನೋಡಿ ತಗೊಳ್ಳಬೇಕು. ಆ ಎರಡು ಪಿನ್ನು ಎರಡು ಚಾನೆಲ್‌ನ ಡಿಐ ಬಾಕ್ಸಿಗೆ, ಅಂದರೆ ಇಂಥ ಸದ್ದನ್ನು ಮಿಕ್ಸರಿಗೆ ಒಗ್ಗಿಸಿ ಕೊಡೋ ಪುಟ್ಟ ಡಬ್ಬಿಗೆ, ಅಲ್ಲಿಂದ ಮೈಕಿಗೆ ಬಳಸೋ ಎಕ್ಸ್‌ಎಲ್‌ಆರ್ ವೈರಿನಲ್ಲಿ ಮಿಕ್ಸರ್‌ಗೆ. ಡಿಐ ಬಾಕ್ಸ್ ಸ್ಟೇಜಿನವರ ಹತ್ತಿರ ಇರುತ್ತದೆ, ಕವಲು ವೈರು ಇರುತ್ತೆ ಅಂತ ನಂಬಬೇಡಿ. ಅವಳದು ಎರಡು ಗೇಮ್ ಬಾಯ್. ಹಾಗಾಗಿ ಟೇಬಲ್ ಮೇಲೆ ಸ್ವಂತದ್ದೊಂದು ಪುಟ್ಟ ಮಿಕ್ಸರ್ ಇದ್ದರೆ ಒಳ್ಳೆಯದು. ಎರಡರ ಸದ್ದೂ ಅವಳ ಕೈಯಲ್ಲೇ ಇರುತ್ತದೆ, ಸೌಂಡ್‌ನವರಿಗೆ ಎರಡೇ ಲೈನು. ಚಿಪ್ ಸ್ಟೇಜ್‌ಗಳಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಹತ್ತೋದಕ್ಕೆ ಐದು ಹತ್ತು ನಿಮಿಷ ಇದ್ದರೆ ಪುಣ್ಯ. ಎರಡು ಲೈನು ಅಂದರೆ ಸೌಂಡ್‌ನವರು ಅವಳನ್ನು ತಂಗಿ ಥರ ನೋಡಿಕೊಳ್ಳುತ್ತಾರೆ.

ಈಗ "ಆಟದ ಸಾಮಾನಿನಲ್ಲಿ ಬೇಸ್ ಎಲ್ಲಿಂದ" ಅನ್ನೋ ಮಾತು. 1989ರ ಗೇಮ್ ಬಾಯ್‌ನಲ್ಲಿ ನಾಲ್ಕು ದನಿ. ಎರಡು ಚೌಕದ ಅಲೆಯವು, ಒಂದು ನಾವೇ ಆಕಾರ ಬರೆದುಕೊಳ್ಳಬಹುದಾದ ಅಲೆ, ಇನ್ನೊಂದು ಬರೀ ಶ್ ಅನ್ನೋ ಸದ್ದು. ಆ ಮೂರನೆಯದು 32 ಹರ್ಟ್ಸ್‌ವರೆಗೆ ಇಳಿಯುತ್ತದೆ. ಪಿಯಾನೋದ ಎಡತುದಿಯ ಮನೆಗಳ ಹತ್ತಿರ ಅದು. ಯಂತ್ರದ ಮೈಮೇಲಿರೋ ಪುಟ್ಟ ಸ್ಪೀಕರಿಗೆ ಅದನ್ನು ಕೂಗೋ ತಾಕತ್ತಿಲ್ಲ ಅಷ್ಟೇ. ಎದುರಿಗೆ ವೂಫರ್ ಇಟ್ಟು ನೋಡಿ, ಟೇಬಲ್ ಮೇಲಿನ ನೀರಿನ ಲೋಟ ನಡುಗುತ್ತದೆ. ಅಂದಹಾಗೆ ಎಲ್ಲರೂ ಇದನ್ನು 8-ಬಿಟ್ ಸಂಗೀತ ಅಂತಾರೆ. 8-ಬಿಟ್ ಅನ್ನೋದು ಒಳಗಿನ ಪ್ರೊಸೆಸರ್‌ದು. ಸದ್ದಿನ ಏರಿಳಿತಕ್ಕೆ ಅಲ್ಲಿರೋದು ನಾಲ್ಕೇ ಬಿಟ್, ಹದಿನಾರು ಮೆಟ್ಟಿಲು. ಅಷ್ಟರಲ್ಲೇ ಅವಳು ಎದೆಗೆ ಗುದ್ದಿಸುತ್ತಾಳೆ ಅಂದರೆ ಕೈ ಚೆನ್ನಾಗಿದೆ ಅಂತ ಅರ್ಥ.

ಹಮ್ಮಿಂಗ್ ಬೇರೆ ಕಾಯಿಲೆ. ಯಂತ್ರಕ್ಕೆ ಕರೆಂಟು ಎಲ್ಲಿಂದ ಕೊಟ್ಟಿದ್ದಳು ಅಂತ ನೀವು ಬರೆದಿಲ್ಲ. ಚಾರ್ಜರ್‌ನಿಂದಲೋ, ಪ್ರೊಜೆಕ್ಟರ್‌ಗೆ ಸೇರಿಸಿದ್ದ ಲ್ಯಾಪ್‌ಟಾಪ್‌ನಿಂದಲೋ ಕೊಟ್ಟಿದ್ದರೆ ಉತ್ತರ ಅಲ್ಲೇ ಇದೆ. ಲ್ಯಾಪ್‌ಟಾಪಿನ ಗ್ರೌಂಡ್ ಒಂದು ಪ್ಲಗ್‌ಗೆ, ಮಿಕ್ಸರಿನ ಗ್ರೌಂಡ್ ಇನ್ನೊಂದು ಪ್ಲಗ್‌ಗೆ, ನಡುವೆ ನಿಮ್ಮ ಆಡಿಯೋ ವೈರು ಸೇತುವೆ. ಕರೆಂಟಿನ ಗುಂಯ್ ಆ ಸೇತುವೆ ದಾಟಿ ಸ್ಪೀಕರಿಗೆ ಬರುತ್ತದೆ. ಹಳೇ ಗೇಮ್ ಬಾಯ್ ನಾಲ್ಕು ಎಎ ಸೆಲ್ಲಿನಲ್ಲಿ ಓಡುವ ಯಂತ್ರ. ಸೆಲ್ ಹಾಕಿ, ಬೇರೆ ಯಾವ ವೈರೂ ಬೇಡ. ಹಮ್ಮಿಂಗ್ ಅಲ್ಲೇ ಸಾಯುತ್ತದೆ. ಸ್ಟೇಜ್ ಹತ್ತುವ ಹತ್ತು ನಿಮಿಷ ಮುಂಚೆ ಹೊಸ ಸೆಲ್ ಹಾಕಲಿ, ಹಳೇದು ಇನ್ನೂ ಓಡುತ್ತೆ ಅನ್ನೋ ಜಿಪುಣತನ ಆ ದಿನ ಬೇಡ.

ಸೆಲ್ ಹಾಕಿದ ಮೇಲೂ ಸಣ್ಣಗೆ ಕುಂಯ್ ಅನ್ನೋದು ಉಳಿದರೆ ಅದು ಯಂತ್ರದ ಒಳಗಿನದೇ. ಪರದೆಯದು, ವಿದ್ಯುತ್ ಭಾಗದ್ದು. ಹಿಂದಿನಿಂದ ಲೈಟ್ ಹಾಕಿಸಿದ್ದರೆ ಇನ್ನಷ್ಟು. ಇದಕ್ಕೆ ಪ್ರೋಸೌಂಡ್ ಅಂತ ಒಂದು ರಿಪೇರಿ ಮಾಡಿಸುತ್ತಾರೆ. ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಹೋಗೋ ಮುಂಚೆಯೇ ವಾಲ್ಯೂಮ್ ಚಕ್ರದ ಹತ್ತಿರ ಸದ್ದನ್ನು ಹಿಡಿದು ಬೇರೆ ಜ್ಯಾಕಿಗೆ ತರೋದು. ಸದ್ದು ಸ್ವಚ್ಛ ಆಗುತ್ತದೆ, ಬೇಸ್ ಗಟ್ಟಿಯಾಗುತ್ತದೆ. ಆದರೆ ಚಕ್ರಕ್ಕೂ ಮುಂಚೆ ತಂತಿ ಹಿಡಿದರೆ ಆ ಜ್ಯಾಕಿಗೆ ವಾಲ್ಯೂಮ್ ಕಂಟ್ರೋಲ್ ಇರಲ್ಲ, ಸದ್ದು ಸಣ್ಣಗೆ ಬರುತ್ತದೆ, ಮಿಕ್ಸರಿನಲ್ಲಿ ಎತ್ತಬೇಕು. ಮೂವತ್ತು ವರ್ಷ ದಾಟಿದ ಬೋರ್ಡಿಗೆ ಸೋಲ್ಡರಿಂಗ್ ಕಾಯಿಸೋ ಅಪಾಯವೂ ಇದೆ. ನನ್ನ ಮಾತು ಕೇಳೋದಾದರೆ, ಕಾರ್ಯಕ್ರಮ ಮುಗಿದ ಮೇಲೆ ಒಂದು ಯಂತ್ರಕ್ಕೆ ಮಾತ್ರ ಮಾಡಿಸಿ ನೋಡಲಿ. ಈಗ ಬೇಡ. ಚಕ್ರ ತಿರುಗಿಸಿದಾಗ ಕರಕರ ಅಂದರೆ ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಸ್ಪೀಕರ್ ಸುಡುವ ಮಾತಿನಲ್ಲಿ ಅರ್ಧ ಸತ್ಯ ಇದೆ, ಹಾಗಾಗಿ ಆ ಮೈಕ್ ಸೆಟ್‌ನವರ ಮೇಲೆ ನನಗೆ ಕೋಪ ಇಲ್ಲ. ಮೃದಂಗದ ಒಂದು ಪೆಟ್ಟು ಯೋಚಿಸಿ. ಕ್ಷಣ ಜೋರು, ಆಮೇಲೆ ಇಳಿಯುತ್ತದೆ. ಸ್ಪೀಕರಿಗೆ ಉಸಿರಾಡೋಕೆ ಜಾಗ ಸಿಗುತ್ತದೆ. ಚೌಕದ ಅಲೆ ಹಾಗಲ್ಲ, ಒಂದೋ ಪೂರ್ತಿ ಮೇಲೆ, ಇಲ್ಲಾ ಪೂರ್ತಿ ಕೆಳಗೆ. ಮೀಟರಿನಲ್ಲಿ ಎರಡೂ ಅಷ್ಟೇ ತೋರಿಸುತ್ತಿದ್ದರೂ ಒಳಗೆ ಹೋಗುವ ಶಕ್ತಿ ತುಂಬಾ ಜಾಸ್ತಿ. ಜೊತೆಗೆ ಆ ಶಕ್ತಿ ಮೇಲಿನ ಸ್ವರಗಳಲ್ಲೂ ಹರಡಿಕೊಂಡಿರುತ್ತದೆ, ಆ ಮೇಲಿನ ಸ್ವರ ನುಡಿಸೋ ಸಣ್ಣ ಸ್ಪೀಕರ್, ಟ್ವೀಟರ್, ಬಿಸಿಯಾಗೋದು ಅದಕ್ಕೇ. ಮದ್ದು ಸುಲಭ. ಮೀಟರ್ ನೋಡಿ ಎತ್ತಬೇಡಿ, ಕಿವಿ ನೋಡಿ ಎತ್ತಿ. ಬೇರೆ ಬ್ಯಾಂಡ್‌ಗಿಂತ ಮೀಟರಿನಲ್ಲಿ ಕೆಳಗಿದ್ದರೂ ಜನರಿಗೆ ಅಷ್ಟೇ ಜೋರಾಗಿ ಕೇಳುತ್ತದೆ. ದನಿ ಶುರುವಾದಾಗ ನಿಂತಾಗ ಗೇಮ್ ಬಾಯ್ ಪಟ್ ಅಂತ ಸಿಡಿಯೋದುಂಟು. ನಾನು 30 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಸದ್ದು ಮಿತಿ ಮೀರದಂತೆ ತಡೆಯೋ ಒಂದು ಲಿಮಿಟರ್ ಹಾಕಿ, ಮೂರು ಸಾವಿರ ಹರ್ಟ್ಸ್ ಸುತ್ತ ಸ್ವಲ್ಪ ಇಳಿಸುತ್ತೇನೆ. ಅಷ್ಟೇ. ಕೆಲವು ಸೌಂಡ್‌ನವರು ಇದನ್ನು 'ಇಂಪು' ಮಾಡೋಕೆ ಹೋಗಿ ಮೇಲಿನದನ್ನೆಲ್ಲ ಕತ್ತರಿಸಿ, ಎಕೋ ಹಾಕಿ, ಕಂಬಳಿ ಹೊದಿಸಿಬಿಡುತ್ತಾರೆ. ಚಿಪ್‌ಟ್ಯೂನ್ ಕೇಳೋಕೆ ಬಂದವರಿಗೆ ಆ ಚುರುಕೇ ಬೇಕು. ಮಗಳು ಸೌಂಡ್ ಚೆಕ್‌ನಲ್ಲಿ ಅವಳ ಅತಿ ಜೋರಿನ ಭಾಗವನ್ನೇ ಮೊದಲು ನುಡಿಸಿ ತೋರಿಸಲಿ. ಮೆಲ್ಲನೆಯದು ತೋರಿಸಿ ಆಮೇಲೆ ಸಿಡಿಸಿದರೆ ಯಾವ ಸೌಂಡ್‌ನವನಿಗೂ ಸಿಟ್ಟು ಬರುತ್ತದೆ.

ಇನ್ನು ಆ ಹಿರಿಯರ ಪ್ರಶ್ನೆ. ಅದು ತಪ್ಪು ಪ್ರಶ್ನೆ ಅಲ್ಲ. ಹಾಡನ್ನು ಮನೆಯಲ್ಲೇ ಪೂರ್ತಿ ಬರೆದು, ಸ್ಟೇಜ್ ಮೇಲೆ ಸ್ಟಾರ್ಟ್ ಒತ್ತಿ ತಲೆ ಆಡಿಸೋರೂ ಇದ್ದಾರೆ. ಆದರೆ ನಿಮ್ಮ ಮಗಳು ಬಳಸೋದು ಎಲ್‌ಎಸ್‌ಡಿಜೆ ಇರಬೇಕು, ಗೇಮ್ ಬಾಯ್ ಇಟ್ಟುಕೊಂಡ ಹೆಚ್ಚಿನವರು ಅದನ್ನೇ ಬಳಸುತ್ತಾರೆ. ಸ್ವೀಡನ್ನಿನ ಯೋಹಾನ್ ಕೋಟ್ಲಿನ್ಸ್ಕಿ 2000ದಲ್ಲಿ ಬರೆದ ಪ್ರೋಗ್ರಾಂ. ಅದರಲ್ಲಿ ಲೈವ್ ಮೋಡ್ ಅಂತ ಇದೆ. ನಾಲ್ಕು ದನಿಗೂ ಸಣ್ಣ ಸಣ್ಣ ತುಂಡುಗಳನ್ನು ಮೊದಲೇ ಮಾಡಿಟ್ಟಿರುತ್ತಾರೆ. ಯಾವ ತುಂಡು ಯಾವಾಗ ಬರಬೇಕು, ಎಷ್ಟು ಸಲ ಸುತ್ತಬೇಕು, ಡ್ರಮ್ ಯಾವಾಗ ನಿಲ್ಲಬೇಕು ಅನ್ನೋದು ಅಲ್ಲೇ ನಿರ್ಧಾರ. ಈಗಿನ ತುಂಡು ಮುಗಿಯೋ ಮುಂಚೆ ಮುಂದಿನದನ್ನು ಸಾಲಿಗೆ ನಿಲ್ಲಿಸಬೇಕು. ಒಂದು ಕ್ಷಣ ತಡವಾದರೆ ಹಳೇದೇ ಇನ್ನೊಂದು ಸುತ್ತು ಹೊಡೆಯುತ್ತದೆ, ಜನರಿಗೆ ಗೊತ್ತಾಗುತ್ತದೆ.

ನೀವು ಸಾಗರದ ಕಡೆಯವರು, ಯಕ್ಷಗಾನ ನೋಡಿರುತ್ತೀರಿ. ಪದ್ಯ ಭಾಗವತರಿಗೆ ಮೊದಲೇ ಗೊತ್ತು. ಆದರೆ ವೇಷಧಾರಿ ಹುರುಪಿನಲ್ಲಿದ್ದರೆ ಅದೇ ಸಾಲನ್ನು ಇನ್ನೊಂದು ಸಲ ಎತ್ತುತ್ತಾರೆ, ಚೆಂಡೆಯವರಿಗೆ ಜಾಗ ಬಿಡುತ್ತಾರೆ, ಸಾಕು ಅನಿಸಿದಾಗ ಮುಂದಕ್ಕೆ ಹೋಗುತ್ತಾರೆ. ಮಗಳು ಎರಡು ಗೇಮ್ ಬಾಯ್ ಇಟ್ಟುಕೊಂಡು ಮಾಡೋದೂ ಹೆಚ್ಚುಕಡಿಮೆ ಅದೇ. ನಮ್ಮ ಕಛೇರಿಗಳಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಇಡೀ ಹೊತ್ತು ತಾನೇ ಮೀಟಿಕೊಳ್ಳುತ್ತಿರುತ್ತದೆ. ಅದನ್ನು ನೋಡಿ ಇದು ಲೈವ್ ಅಲ್ಲ ಅಂತ ಯಾರೂ ಎದ್ದು ಹೋಗಲ್ಲ, ಅಲ್ವಾ? ಜನರಿಗೆ ಅವಳ ಕೈ ಕಾಣೋದಿಲ್ಲ, ಅದೇ ತೊಂದರೆ. ಒಂದು ಸಣ್ಣ ಕ್ಯಾಮೆರಾ ಮೇಲಿಂದ ಕೈಗೆ ಹಿಡಿದು ಪರದೆ ಮೇಲೆ ತೋರಿಸಿದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಆ ಕ್ಯಾಮೆರಾದ ವೈರನ್ನು ಮಾತ್ರ ಅವಳ ಆಡಿಯೋ ಮಿಕ್ಸರಿನ ಹತ್ತಿರ ತರಬೇಡಿ.

ಕನ್ವೆನ್ಷನ್‌ನ ಜನ ಹೇಗಿರುತ್ತಾರೋ ಅನ್ನೋ ಭಯಕ್ಕೂ ಒಂದು ಮಾತು. ಆಟದ ಸಂಗೀತದ ಕಛೇರಿ ಹೊಸದೇನಲ್ಲ. ಡ್ರ್ಯಾಗನ್ ಕ್ವೆಸ್ಟ್ ಆಟದ ಸಂಗೀತವನ್ನು 1987ರಲ್ಲೇ ಟೋಕಿಯೋದಲ್ಲಿ ಸಭಾಂಗಣದ ವೇದಿಕೆ ಮೇಲೆ ನುಡಿಸಿದ್ದರು. 2003ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಗೇಮ್ಸ್ ಕನ್ವೆನ್ಷನ್ ಶುರುವಾಗೋದಕ್ಕೆ ಗೆವಾಂಡ್‌ಹೌಸ್ ಅನ್ನೋ ಸಂಗೀತ ಸಭಾಂಗಣದಲ್ಲಿ ದೊಡ್ಡ ವಾದ್ಯವೃಂದ ಇಟ್ಟರು. ನಿಮ್ಮ ವರ್ಜೀನಿಯಾದ ರೋನೋಕ್‌ನಲ್ಲೇ 2002ರಲ್ಲಿ ಆಟ ಮತ್ತು ಸಂಗೀತದ ಹಬ್ಬ ಮ್ಯಾಗ್‌ಫೆಸ್ಟ್ ಶುರುವಾಯಿತು. ಈಗ ಪಕ್ಕದ ಮೇರಿಲ್ಯಾಂಡಿನ ನ್ಯಾಷನಲ್ ಹಾರ್ಬರ್‌ನಲ್ಲಿ, ಜನವರಿಯ ಚಳಿಯಲ್ಲಿ ನಡೆಯುತ್ತದೆ. ಬರೀ ಚಿಪ್‌ಟ್ಯೂನ್‌ಗೇ ಮೀಸಲಾಗಿದ್ದ ಬ್ಲಿಪ್ ಫೆಸ್ಟಿವಲ್ 2006ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ ಕೆಲವು ವರ್ಷ ನಡೆಯಿತು. ಇಂಥ ಕಡೆ ಮುಂದಿನ ಸಾಲಿನಲ್ಲಿ ಕೂತವರಿಗೆ ಎಲ್‌ಎಸ್‌ಡಿಜೆ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಡ್ರಮ್ ಒಮ್ಮೆ ನಿಲ್ಲಿಸಿ ಮತ್ತೆ ಬಿಟ್ಟರೆ ಯಾಕೆ ಕೂಗಬೇಕು ಅಂತಲೂ ಗೊತ್ತು.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಚಿಪ್‌ಟ್ಯೂನ್ ಬೇರೆ, ಆಟದ ಸಂಗೀತ ಬೇರೆ. ಹಳೇ ಆಟದ ಹಾಡನ್ನು ಗಿಟಾರಿನಲ್ಲಿ, ಪಿಟೀಲಿನಲ್ಲಿ ನುಡಿಸಿದರೆ ಅದು ಆಟದ ಸಂಗೀತ, ಚಿಪ್ ಅಲ್ಲ. ಗೇಮ್ ಬಾಯ್‌ನಲ್ಲಿ ತನ್ನದೇ ಹಾಡು ಕಟ್ಟಿದರೆ ಅದು ಚಿಪ್‌ಟ್ಯೂನ್, ಯಾವ ಆಟಕ್ಕೂ ಸೇರಿದ್ದಲ್ಲ. ಚಿಪ್ ಸ್ಟೇಜ್‌ಗೆ ಬರುವ ಹೆಚ್ಚಿನವರು ಸ್ವಂತ ಹಾಡನ್ನೇ ತರುತ್ತಾರೆ. ಹಾಗಾಗಿ ಅರ್ಧರ್ಧ ಅನ್ನೋ ಅವಳ ಲೆಕ್ಕ ನನಗೆ ಅಷ್ಟು ಹಿಡಿಸಲಿಲ್ಲ. ಆಟದ ಹಾಡು ಒಂದು ಸಾಕು, ಕೊನೆಗೆ ಪಾಯಸದ ಥರ.

ನೋಟಿಸ್ ವಿಷಯ. ನಾನು ವಕೀಲ ಅಲ್ಲ, ಸ್ಟೇಜ್ ಪಕ್ಕ ನಿಂತು ಕಂಡದ್ದು ಹೇಳುತ್ತೇನೆ. ಅಮೆರಿಕದಲ್ಲಿ ಬೇರೆಯವರ ಹಾಡನ್ನು ಸಾರ್ವಜನಿಕವಾಗಿ ನುಡಿಸೋಕೆ ಅನುಮತಿ ಬೇಕು. ಅದನ್ನು ಸಾಮಾನ್ಯವಾಗಿ ಜಾಗದವರು ಅಥವಾ ಸಂಘಟಕರು ಹಾಡು ಕಟ್ಟಿದವರ ಪರವಾಗಿ ಅನುಮತಿ ಕೊಡೋ ಆಸ್ಕ್ಯಾಪ್, ಬಿಎಂಐ ಥರದ ಸಂಸ್ಥೆಗಳಿಂದ ವರ್ಷದ ಲೆಕ್ಕದಲ್ಲಿ ತಗೊಂಡಿರುತ್ತಾರೆ, ನುಡಿಸುವ ಹುಡುಗಿ ಅಲ್ಲ. ಎಲ್ಲ ಹಾಡೂ ಆ ಪಟ್ಟಿಯಲ್ಲಿ ಇರುತ್ತೆ ಅಂತೇನಿಲ್ಲ. ಹಾಡುಗಳ ಹೆಸರು ಬರೆದು ಸಂಘಟಕರಿಗೆ ಈಗಲೇ ಒಂದು ಇಮೇಲ್ ಹಾಕಿ, ಉತ್ತರ ಇಟ್ಟುಕೊಳ್ಳಿ. ನಿಜವಾದ ತಲೆನೋವು ಆಮೇಲೆ ಬರುತ್ತದೆ. ಸ್ಟೇಜ್ ಅನುಮತಿ ಸ್ಟೇಜಿಗೆ ಮಾತ್ರ. ಅದನ್ನೇ ರೆಕಾರ್ಡ್ ಮಾಡಿ ಮಾರಿದರೆ ಬೇರೆ ಪರವಾನಗಿ, ವಿಡಿಯೋ ಮಾಡಿ ಹಾಕಿದರೆ ಇನ್ನೊಂದು. ಯೂಟ್ಯೂಬಿನ ಯಂತ್ರ ಹಾಡು ಗುರುತಿಸಿ ವಿಡಿಯೋ ತಡೆಯಬಹುದು, ಇಲ್ಲಾ ಜಾಹೀರಾತಿನ ದುಡ್ಡನ್ನು ಹಕ್ಕುದಾರರ ಕಡೆ ತಿರುಗಿಸಬಹುದು. ಆಟದ ಹಾಡು ಒಂದೇ ಇದ್ದು, ಅದೂ ಕೊನೆಯಲ್ಲಿದ್ದರೆ ವಿಡಿಯೋದಿಂದ ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ನೆಮ್ಮದಿಯಾಗಿ ಹಾಕಬಹುದು. ಪಾಯಸ ಕೊನೆಗಿರಲಿ ಅಂದದ್ದು ಇದಕ್ಕೂ ಹೌದು.

ಎಚ್-4 ವಿಷಯ ಇದಕ್ಕಿಂತ ಮುಖ್ಯ. ಕೆಲಸದ ಅನುಮತಿ ಇಲ್ಲದ ಎಚ್-4ನವರು ದುಡ್ಡಿಗೆ ಕೆಲಸ ಮಾಡುವಂತಿಲ್ಲ. ಸಂಭಾವನೆ, ಹೋಟೆಲ್ ರೂಮು, ಟಿ-ಶರ್ಟ್ ಮಾರಾಟ, ಇದರಲ್ಲಿ ಏನೇ ಕೊಡ್ತೀವಿ ಅಂದರೂ ಹೂಂ ಅನ್ನೋ ಮುಂಚೆ ವಲಸೆ ವಕೀಲರನ್ನು ಕೇಳಿ. "ಎಲ್ಲರೂ ಮಾಡ್ತಾರೆ" ಅನ್ನೋರ ಮಾತು ಕೇಳಬೇಡಿ. ನಿಂಟೆಂಡೋಗಿಂತ ನನಗೆ ಇದರದ್ದೇ ಹೆದರಿಕೆ.

ಒಂದು ಮರೆಯೋ ಮುಂಚೆ. ಅವಳ ಹಾಡೆಲ್ಲ ಇರೋದು ಕಾರ್ಟ್ರಿಜ್ ಒಳಗಿನ ಪುಟ್ಟ ಮೆಮರಿಯಲ್ಲಿ, 128 ಕಿಲೋಬೈಟು. ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಅದನ್ನು ಒಂದು ನಾಣ್ಯದಷ್ಟು ಸೆಲ್ ಕಾಪಾಡುತ್ತಿರುತ್ತದೆ. ಸೆಲ್ ಸತ್ತರೆ ಹಾಡೂ ಸತ್ತಿತು. ಹಿಂದಿನ ರಾತ್ರಿ ಕಂಪ್ಯೂಟರಿಗೆ ಕಾಪಿ, ಇನ್ನೊಂದು ಕಾರ್ಟ್ರಿಜ್‌ಗೂ ಕಾಪಿ. ಎರಡು ಗೇಮ್ ಬಾಯ್ ಕೂಡಿಸೋ ಲಿಂಕ್ ಕೇಬಲ್ಲು ಎರಡು ಇರಲಿ, ಅದು ಸಡಿಲ ಆಗೋದು ಸರಿಯಾಗಿ ಸ್ಟೇಜ್ ಮೇಲೆಯೇ.

ಕಿವಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಅಲ್ಲಿಂದ ಮೂರು ಡೆಸಿಬಲ್ ಏರಿದಾಗಲೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದಾಗ ಹದಿನೈದೇ ನಿಮಿಷ. ಚಿಪ್ ಸ್ಟೇಜ್ ಸಣ್ಣ ರೂಮಿನಲ್ಲಿದ್ದರೆ ಅಷ್ಟಕ್ಕೆ ಹೋಗೋದು ಕಷ್ಟವೇನಲ್ಲ. ಅವಳ ಮೂವತ್ತು ನಿಮಿಷಕ್ಕಿಂತ ಬೇರೆಯವರದು ಕೇಳುತ್ತಾ ರಾತ್ರಿಯೆಲ್ಲ ಅಲ್ಲೇ ನಿಲ್ಲೋದು ಜಾಸ್ತಿ ಅಪಾಯ. ಸಂಗೀತದವರಿಗೆ ಅಂತಲೇ ಮಾಡಿದ ಇಯರ್ ಪ್ಲಗ್ ಸಿಗುತ್ತವೆ. ಸದ್ದು ಕಮ್ಮಿ ಮಾಡುತ್ತವೆ, ಮಂಕು ಮಾಡೋದಿಲ್ಲ. ಎರಡು ಜೊತೆ ತಗೊಳ್ಳಿ.

ಎರಡನೇ ಜೊತೆ ನಿಮಗೆ. ಹೋಗಿ. ಅವಳ ಎದುರಿಗೆ ಮಾತ್ರ ನಿಲ್ಲಬೇಡಿ, ಹತ್ತೊಂಬತ್ತರ ಮಕ್ಕಳಿಗೆ ಅಮ್ಮ ಮುಂದಿನ ಸಾಲಿನಲ್ಲಿದ್ದರೆ ಕೈ ನಡುಗುತ್ತದೆ. ಹಿಂದೆ, ಸೌಂಡ್ ಮಿಕ್ಸರ್ ಇಟ್ಟಿರೋ ಟೇಬಲ್ ಪಕ್ಕ ನಿಂತುಕೊಳ್ಳಿ. ಇಡೀ ಹಾಲಿನಲ್ಲಿ ಸದ್ದು ಚೆನ್ನಾಗಿ ಕೇಳೋ ಜಾಗ ಅದು. ಬೇಸ್ ಮತ್ತೆ ಮಾಯ ಆದರೆ ಅಲ್ಲಿರೋ ಸೌಂಡ್‌ನವರಿಗೆ "ಸ್ಟೀರಿಯೋ ಪಿನ್ನನ್ನು ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದೀರಾ ನೋಡಿ" ಅನ್ನಿ. ಅವರು ಒಂದು ಕ್ಷಣ ನಿಮ್ಮ ಮುಖ ನೋಡಿ, ಆಮೇಲೆ ಓಡುತ್ತಾರೆ.